ಇಸ್ತ್ರಿ ಪೆಟ್ಟಿಗೆಯ ಕಾವಿನ ಕಥೆ

ಇಸ್ತ್ರಿ ಪೆಟ್ಟಿಗೆಯ ಇತಿಹಾಸವನ್ನು ಇಸವಿಗಳ ಪಟ್ಟಿ ಮಾಡಿಕೊಂಡು ಓದಿದರೆ ಎರಡೇ ದಿನದಲ್ಲಿ ಮರೆತುಹೋಗುತ್ತದೆ. ಎರಡು ಪ್ರಶ್ನೆ ಇಟ್ಟುಕೊಂಡು ಓದಿ: ಪೆಟ್ಟಿಗೆಗೆ ಕಾವು ಎಲ್ಲಿಂದ ಬಂತು? ಆ ಕಾವನ್ನು ಹದದಲ್ಲಿ ಇಟ್ಟದ್ದು ಹೇಗೆ? ಎರಡನೆಯದೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಸುಕ್ಕು ಹೋಗುವುದೇಕೆ?

ಹತ್ತಿಯ ಎಳೆ ಎಂದರೆ ಸೆಲ್ಯುಲೋಸ್ ಎಂಬ ಸಸ್ಯದ ನಾರು. ಅದರ ಉದ್ದನೆಯ ಅಣುಗಳನ್ನು ಹೈಡ್ರೋಜನ್ ಬಂಧಗಳು ಎಂಬ ದುರ್ಬಲ ಕೊಂಡಿಗಳು ಒಂದಕ್ಕೊಂದು ಹಿಡಿದಿಟ್ಟಿರುತ್ತವೆ. ಒಗೆದು ಹಿಂಡಿದ ಬಟ್ಟೆ ಮುದುಡಿಕೊಂಡೇ ಒಣಗಿದರೆ ಬಂಧಗಳೂ ಹಾಗೆಯೇ ಬಿಗಿಯುತ್ತವೆ. ತೇವ ಮತ್ತು ಬಿಸಿ ಸೇರಿದಾಗ ಅವು ಸಡಿಲವಾಗುತ್ತವೆ, ಮೇಲಿನ ಭಾರಕ್ಕೆ ಎಳೆಗಳು ಸಪಾಟಾಗುತ್ತವೆ, ಆರುವಾಗ ಹೊಸ ಬಂಧಗಳು ಅದೇ ಸ್ಥಿತಿಯಲ್ಲಿ ಕೂಡಿಕೊಳ್ಳುತ್ತವೆ. ಇಸ್ತ್ರಿಗೆ ಮುಂಚೆ ನೀರು ಚಿಮುಕಿಸುವುದು ಇದಕ್ಕೇ.

ಕೆಂಡ ಮತ್ತು ಒಲೆ

ಚೀನಾದಲ್ಲಿ ಹಿಡಿಕೆಯಿರುವ ಲೋಹದ ಬಾಣಲೆಯಲ್ಲಿ ಕೆಂಡ ತುಂಬಿ, ಬಿಗಿಯಾಗಿ ಎಳೆದು ಹಿಡಿದ ರೇಷ್ಮೆಯ ಮೇಲೆ ಆಡಿಸುತ್ತಿದ್ದರು. ಸಾಂಗ್ ವಂಶದ ಚಕ್ರವರ್ತಿ ಹುಯಿಜಾಂಗ್‌ನ ಹೆಸರಿನಲ್ಲಿರುವ 12ನೇ ಶತಮಾನದ ಒಂದು ಚಿತ್ರಸುರುಳಿಯಲ್ಲಿ ಅರಮನೆಯ ಹೆಂಗಸರು ಈ ಕೆಲಸ ಮಾಡುತ್ತಿರುವುದನ್ನು ನೋಡಬಹುದು. ಅದು ಈಗ ಬಾಸ್ಟನ್‌ನ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಮನೆಗಳಲ್ಲೂ ಪೆಟ್ಟಿಗೆ ಇಲ್ಲದವರು ತಂಬಿಗೆಗೆ ಕೆಂಡ ತುಂಬಿ ಶರ್ಟು ಉಜ್ಜುತ್ತಿದ್ದರು. ತತ್ವ ಎರಡಕ್ಕೂ ಒಂದೇ.

ಯುರೋಪು, ಅಮೆರಿಕದಲ್ಲಿ ಗಟ್ಟಿ ಕಬ್ಬಿಣದ ಪೆಟ್ಟಿಗೆಯನ್ನು ಒಲೆಯ ಮೇಲೆ ಕಾಯಿಸುವ ರೂಢಿ. ಒಂದು ಆರುವಷ್ಟರಲ್ಲಿ ಇನ್ನೊಂದು ಕಾದಿರಬೇಕು, ಹಾಗಾಗಿ ಕನಿಷ್ಠ ಎರಡಾದರೂ ಬೇಕಿತ್ತು. ಹಿಡಿಕೆಯೂ ಕಬ್ಬಿಣದ್ದೇ, ಕೈ ಸುಡುತ್ತಿತ್ತು. 1871ರಲ್ಲಿ ಅಮೆರಿಕದ ಅಯೋವಾದ ಮೇರಿ ಫ್ಲಾರೆನ್ಸ್ ಪಾಟ್ಸ್ ಬಿಚ್ಚಿ ಹಾಕಬಹುದಾದ ಮರದ ಹಿಡಿಕೆಗೆ ಪೇಟೆಂಟ್ ಪಡೆದರು. ಒಲೆಯ ಮೇಲೆ ಕಬ್ಬಿಣ ಮಾತ್ರ ಕಾಯುತ್ತದೆ, ಹಿಡಿಕೆ ತಣ್ಣಗೆ ಹೊರಗಿರುತ್ತದೆ. ಸಣ್ಣ ಬದಲಾವಣೆಯಂತೆ ಕಂಡರೂ ದಿನವಿಡೀ ನಿಂತು ಇಸ್ತ್ರಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಆಗ ಬೇರೆ ಇರಲಿಲ್ಲ.

ಇದ್ದಿಲು ಪೆಟ್ಟಿಗೆ ಮತ್ತೊಂದು ದಾರಿ ಹಿಡಿಯಿತು: ಬೆಂಕಿ ಒಳಗೇ ಇರಲಿ. ಹಿತ್ತಾಳೆಯದೋ ಎರಕದ ಕಬ್ಬಿಣದ್ದೋ ಪೆಟ್ಟಿಗೆ, ಮೇಲೆ ಮುಚ್ಚಳ, ಅಂಚಿನಲ್ಲಿ ಗಾಳಿಗೆ ಕಂಡಿ. ಕೆಂಡ ಮಂಕಾದರೆ ಎತ್ತಿ ಎರಡು ಸಲ ಬೀಸಬೇಕು, ಬೂದಿ ಹಾರಿ ಬಿಳಿ ಪಂಚೆಯ ಮೇಲೆ ಬೀಳದಂತೆ ಮುಖ ಆಚೆ ತಿರುಗಿಸಬೇಕು. ಕಾವಿನ ಹದ ನೋಡಲು ಇದ್ದ ಸುಲಭದ ಉಪಾಯ: ತಳಕ್ಕೆ ನೀರು ಚಿಮುಕಿಸಿ ಚುರ್ ಸದ್ದು ಕೇಳುವುದು.

ಕರೆಂಟು ಬಂದರೂ ಸಾಲಲಿಲ್ಲ

ನ್ಯೂಯಾರ್ಕಿನ ಹೆನ್ರಿ ಸೀಲಿಗೆ ವಿದ್ಯುತ್ ಇಸ್ತ್ರಿ ಪೆಟ್ಟಿಗೆಯ ಪೇಟೆಂಟ್ ಸಿಕ್ಕಿದ್ದು 1882ರ ಜೂನ್ 6ರಂದು. ಅದೇ ಊರಿನಲ್ಲಿ ಎಡಿಸನ್ನನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಶುರುವಾದದ್ದು ಸೆಪ್ಟೆಂಬರ್ 4ರಂದು! ಪೆಟ್ಟಿಗೆ ಮೊದಲು, ಕರೆಂಟು ಆಮೇಲೆ. ಪರೀಕ್ಷೆಯಲ್ಲಿ ‘1882ರಿಂದ ಬಳಕೆಗೆ ಬಂತು’ ಎಂದು ಬರೆದುಬಿಡಬೇಡಿ.

ಬಳಕೆ ಹಬ್ಬಿದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ. ಕ್ಯಾಲಿಫೋರ್ನಿಯಾದ ಒಂಟಾರಿಯೊ ಎಂಬ ಊರಿನಲ್ಲಿ ವಿದ್ಯುತ್ ಕಂಪನಿಯ ನೌಕರನಾಗಿದ್ದ ಅರ್ಲ್ ರಿಚರ್ಡ್‌ಸನ್ ಗ್ರಾಹಕರಿಗೆ ತಾನೇ ಪೆಟ್ಟಿಗೆ ಕೊಟ್ಟು ನೋಡಿದ. ಆದರೆ ಅಲ್ಲಿ ಕರೆಂಟು ಇರುತ್ತಿದ್ದುದು ದೀಪಕ್ಕಾಗಿ, ರಾತ್ರಿ ಮಾತ್ರ. ಸೋಮವಾರ ಒಗೆತ, ಮಂಗಳವಾರ ಇಸ್ತ್ರಿ ಎಂಬುದು ಅಲ್ಲಿನ ವಾಡಿಕೆ. ಮಂಗಳವಾರ ಹಗಲೂ ಕರೆಂಟು ಕೊಡುವಂತೆ ಕಂಪನಿಯನ್ನು ಒಪ್ಪಿಸಿದ. ಆಮೇಲೆ ಬಂದ ದೂರು, ನಡುಭಾಗ ವಿಪರೀತ ಕಾಯುತ್ತದೆ ಎಂಬುದು. ಕಾಲರಿನ ಮೂಲೆಗೆ, ಗುಂಡಿಗಳ ಸಂದಿಗೆ ಹೋಗುವುದು ಮೊನೆ ತಾನೆ? 1905ರಲ್ಲಿ ಮೊನೆಗೆ ಹೆಚ್ಚು ಕಾವು ಹೋಗುವಂತೆ ತಯಾರಿಸಿದ, ‘ಹಾಟ್‌ಪಾಯಿಂಟ್’ (ಬಿಸಿ ಮೊನೆ) ಎಂಬ ಹೆಸರು ಬಂದದ್ದೇ ಹಾಗೆ. ಇಡೀ ಇತಿಹಾಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಬಳಸುವವರ ಮಾತಿಗೆ ಕಿವಿಗೊಟ್ಟದ್ದರಿಂದಲೇ ಪೆಟ್ಟಿಗೆ ಗೆದ್ದಿತು.

ಕಾವನ್ನು ತಾನಾಗಿಯೇ ಹದದಲ್ಲಿಡುವ ಥರ್ಮೋಸ್ಟಾಟ್ ಬಂದದ್ದು 1920ರ ದಶಕದಲ್ಲಿ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ ಕಾದಾಗ ಬಾಗಿ ಕರೆಂಟಿನ ಸಂಪರ್ಕ ಕಡಿಯುತ್ತದೆ, ಆರಿದಾಗ ಮತ್ತೆ ಕೂಡಿಸುತ್ತದೆ. ‘ಟಿಕ್’ ಎಂದು ದೀಪ ಆರುವುದು ಆಗಲೇ. ಬಟ್ಟೆಯ ಲೇಬಲ್ಲಿನ ಚುಕ್ಕೆಗಳಿಗೂ ಇದಕ್ಕೂ ಸಂಬಂಧವಿದೆ: ಒಂದು ಚುಕ್ಕೆಗೆ ತಳದ ಕಾವು ಗರಿಷ್ಠ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ 150, ಮೂರಕ್ಕೆ 200. ಹತ್ತಿಯ ಹದದಲ್ಲಿ ನೈಲಾನ್ ಇಟ್ಟರೆ ಕರಗಿ ಅಂಟಿಕೊಳ್ಳುತ್ತದೆ.

ಇಷ್ಟಾದರೂ ಬೀದಿಬದಿಯ ಗಾಡಿಗಳಲ್ಲಿ ಇದ್ದಿಲು ಪೂರ್ತಿ ಹೋಗಿಲ್ಲ. ತಳ್ಳುಗಾಡಿಗೆ ಕರೆಂಟು ಎಳೆಯುವುದು ಕಷ್ಟ. ಕೆಲವರು ಗ್ಯಾಸ್ ಪೆಟ್ಟಿಗೆಗೆ ಬದಲಾಗಿದ್ದಾರೆ. ತಿರುವಣ್ಣಾಮಲೈಯ ವಿದ್ಯಾರ್ಥಿನಿ ವಿನಿಶಾ ಉಮಾಶಂಕರ್ ರೂಪಿಸಿದ ಸೌರ ಇಸ್ತ್ರಿ ಗಾಡಿ 2021ರಲ್ಲಿ ಪರಿಸರ ಕಾಪಾಡುವ ಉಪಾಯಗಳಿಗೆ ಕೊಡುವ ಅರ್ಥ್‌ಶಾಟ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದಿತ್ತು. ದಿನವಿಡೀ ಕೆಂಡದ ಹೊಗೆ ಕುಡಿಯುವವರಿಗೆ ಇಂಥ ಗಾಡಿ ಕೈಗೆಟುಕುವ ಬೆಲೆಗೆ ಸಿಗಲೇಬೇಕು.