ಪೀಪಾಯಿಯೊಳಗಿನ ಕೊಬ್ಬರಿ

"ಇದರಾಗ ಕೊಬ್ಬರಿ ಹಾಕ್ಯಾರೇನು?" ಎಂದು ಗೋಕಾಕದ ಗೆಳೆಯ ಕೇಳಿದಾಗ ನಾವು ನಾಲ್ವರೂ ಬಾಟಲಿಗೆ ಅಂಟಿಸಿದ್ದ ಚೀಟಿಯನ್ನು ಮತ್ತೊಮ್ಮೆ ಓದಿದೆವು. ನೀರು, ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಕಹಿ ಕೊಡುವ ಹಾಪ್ಸ್ ಹೂ, ಯೀಸ್ಟ್, ಅಲ್ಲಿದ್ದುದು ಇಷ್ಟೇ. ಬೆಳಗಾವಿಯ ಟಿಳಕವಾಡಿಯಲ್ಲಿ, ಮನೆಯೊಂದರ ಮಾಳಿಗೆಯ ಮೇಲೆ, ಜನವರಿಯ ಒಂದು ಸಂಜೆ ನಾವು ತೆರೆದಿದ್ದುದು ಶಿಕಾಗೋದಿಂದ ಊರಿಗೆ ಬಂದವರೊಬ್ಬರು ತಂದುಕೊಟ್ಟ ಅರ್ಧ ಲೀಟರಿನ ಬಾಟಲಿ. ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಮಾಗಿಸಿದ ಇಂಪೀರಿಯಲ್ ಸ್ಟೌಟ್ ಎಂಬುದು ಅದರ ಉದ್ದನೆಯ ಹೆಸರು; ಸ್ಟೌಟ್ ಎಂದರೆ ಕಡುಗಪ್ಪು ಬಿಯರ್. ಆಲ್ಕೋಹಾಲ್ ನೂರಕ್ಕೆ 14, ಎಂದರೆ ಸಾಮಾನ್ಯ ಬಿಯರಿನ ಹೆಚ್ಚುಕಡಿಮೆ ಮೂರು ಪಟ್ಟು. ನಾಲ್ವರಿಗೆ ಒಂದೇ ಬಾಟಲಿ ಧಾರಾಳವಾಯಿತು.

ಕೊಬ್ಬರಿಯ ಪ್ರಶ್ನೆ ಎದ್ದದ್ದು ಮಾತ್ರ ಬಾಟಲಿ ತೆರೆದು ಅರ್ಧ ಗಂಟೆಯ ಮೇಲೆ. ಬಿಯರ್ ಎಂದೊಡನೆ ಫ್ರಿಜ್ಜಿನಲ್ಲಿಡುವ ನಮ್ಮ ರೂಢಿಯಂತೆ ಇದನ್ನೂ ಕೊರೆಯುವಂತೆ ತಣ್ಣಗೆ ಮಾಡಿದ್ದೆವು. ಮೊದಲ ಗುಟುಕಿನಲ್ಲಿ ಕಹಿ ಮತ್ತು ಸೀದ ರುಚಿಯ ಹೊರತು ಬೇರೇನೂ ತಿಳಿಯಲಿಲ್ಲ. ಪರಿಮಳ ಎನ್ನುವುದು ದ್ರವವನ್ನು ಬಿಟ್ಟು ಗಾಳಿಗೆ ಏರಿ ಮೂಗನ್ನು ಮುಟ್ಟಿದ ಅಣುಗಳ ಲೆಕ್ಕ. ತಂಪಿನಲ್ಲಿ ಅವು ಏಳುವುದು ತೀರ ಕಡಿಮೆ. ಇಂಥ ಬಿಯರನ್ನು 12ರಿಂದ 14 ಡಿಗ್ರಿಯಲ್ಲಿ ಕುಡಿಯಬೇಕೆನ್ನುವುದು ಅದಕ್ಕಾಗಿಯೇ. ಲೋಟವನ್ನು ಅಂಗೈಯಲ್ಲಿ ಹಿಡಿದು ಕುಳಿತ ಮೇಲೆ ಒಂದೊಂದೇ ವಾಸನೆ ಹೊರಬರತೊಡಗಿತು.

ಮೊದಲು ಬಂದದ್ದು ಕಾಫಿಯದು. ಇದರಲ್ಲಿ ಕಾಫಿ ಇಲ್ಲ. ಇರುವುದು ಹೆಚ್ಚುಕಡಿಮೆ ಕಪ್ಪಾಗುವವರೆಗೆ ಹುರಿದ ಬಾರ್ಲಿ. ಕಾಳಿನೊಳಗಿನ ಸಕ್ಕರೆಯೂ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಕೂಡಿ ಕಂದು ಬಣ್ಣವನ್ನೂ ಹೊಸ ಪರಿಮಳಗಳನ್ನೂ ಹುಟ್ಟಿಸುವ ಕ್ರಿಯೆಯನ್ನು ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮಯಾರ್ 1912ರಲ್ಲಿ ವಿವರಿಸಿದ. ಹಾಲನ್ನು ಗಂಟೆಗಟ್ಟಲೆ ಕುದಿಸಿ, ತಿರುವಿ, ಕಂದು ಬಣ್ಣಕ್ಕೆ ತಂದು ಮಾಡುವ ನಮ್ಮ ಕುಂದಾದಲ್ಲಿ ನಡೆಯುವುದೂ ಇದೇ ಕ್ರಿಯೆ. ಹೀಗೆ ಹುಟ್ಟುವ ಪೈರಜೀನ್ ಎಂಬ ಅಣುಗಳ ಕುಟುಂಬ ಹುರಿದ ಕಾಫಿ ಬೀಜ, ಕೋಕೋ, ಹುರಿದ ಶೇಂಗಾ, ಹುರಿದ ಬಾರ್ಲಿ ಎಲ್ಲದರಲ್ಲೂ ಇರುವುದರಿಂದ ಮೂಗು ಒಂದನ್ನು ಕಂಡು ಇನ್ನೊಂದರ ಹೆಸರು ಹೇಳುತ್ತದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟನ್ನು ಸುಟ್ಟು ಬೂದಿಯಾಗಿಸದೆ ಕಪ್ಪಗೆ ಹುರಿಯಬಲ್ಲ, ತಿರುಗುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಸ್ಟೌಟಿನ ಇಂದಿನ ಕಡುಗಪ್ಪು ಅಲ್ಲಿಂದ ಬಂತು. ಇಂಪೀರಿಯಲ್ ಎಂಬ ವಿಶೇಷಣ ಅದಕ್ಕೂ ಹಳೆಯ ನೆನಪು: 18ನೆಯ ಶತಮಾನದಲ್ಲಿ ಲಂಡನ್ನಿನಿಂದ ರಷ್ಯಾದ ರಾಜಸಭೆಗೆ ಗಟ್ಟಿ ಬಿಯರ್ ಹೋಗುತ್ತಿತ್ತು.

ಗಟ್ಟಿ ಎಂಬುದು ಇಲ್ಲಿ ಬರಿಯ ಮಾತಲ್ಲ. ಲೋಟವನ್ನು ಓಲಾಡಿಸಿದರೆ ಅದು ಕಾಕವಿಯನ್ನು ತೆಳ್ಳಗೆ ಮಾಡಿದಂತೆ ಗಾಜಿಗೆ ಅಂಟಿ ಇಳಿಯುತ್ತಿತ್ತು. ಚೆನ್ನಾಗಿ ಬಲಿತ ಕಬ್ಬಿನ ಹಾಲಿನಲ್ಲಿ ಕರಗಿರುವ ಸಕ್ಕರೆ ತೂಕದಲ್ಲಿ ನೂರಕ್ಕೆ 16ರಿಂದ 20. ಇಂಥ ಸ್ಟೌಟಿಗಾಗಿ ಮಾಲ್ಟಿನಿಂದ ತೆಗೆಯುವ ರಸದಲ್ಲಿ ಅದು 25ನ್ನೂ ಮೀರಬಹುದು. ಗಾಣಕ್ಕೆ ಕಬ್ಬು ಹಾಕಿದವರಿಗೆ ಈ ಅಂಕಿಯ ತೂಕ ಬೇರೆ ಹೇಳಬೇಕಾಗಿಲ್ಲ. ಯೀಸ್ಟ್ ಅದರಲ್ಲಿ ಬಹುಪಾಲನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಅದಕ್ಕೆ ಜೀರ್ಣವಾಗದ, ಡೆಕ್ಸ್‌ಟ್ರಿನ್ ಎಂಬ ಉದ್ದನೆಯ ಸಕ್ಕರೆ ಸರಪಳಿಗಳು ಉಳಿದು ಬಿಯರನ್ನು ಮಂದವಾಗಿಸುತ್ತವೆ.

ಇಷ್ಟರಲ್ಲಿ ಕೊಬ್ಬರಿ ಬಂತು. ಬರ್ಬನ್ ಅಮೆರಿಕದ ವಿಸ್ಕಿ. ಅದರ ಧಾನ್ಯದಲ್ಲಿ ಕನಿಷ್ಠ ಶೇಕಡಾ 51 ಮೆಕ್ಕೆಜೋಳ ಇರಬೇಕು ಮತ್ತು ಅದನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಎಂದು ಅಲ್ಲಿನ ಕಾನೂನು ಹೇಳುತ್ತದೆ. ಒಮ್ಮೆ ಬಳಸಿದ ಪೀಪಾಯಿ ಬರ್ಬನ್‌ಗೆ ಮತ್ತೆ ಬರುವುದಿಲ್ಲ. ಸುಮಾರು 200 ಲೀಟರ್ ಹಿಡಿಯುವ ಈ ಪೀಪಾಯಿಗಳು ಸ್ಕಾಟ್ಲೆಂಡಿಗೋ ಮೆಕ್ಸಿಕೋಗೋ ಹೋಗುತ್ತವೆ. 1990ರ ದಶಕದಲ್ಲಿ ಶಿಕಾಗೋದ ಗೂಸ್ ಐಲ್ಯಾಂಡ್ ಎಂಬ ಬಿಯರ್ ತಯಾರಕರು ಅವುಗಳಲ್ಲಿ ಸ್ಟೌಟ್ ತುಂಬಿದ ಮೇಲೆ ಇದೊಂದು ಬೇರೆಯೇ ಬಗೆಯಾಗಿ ಬೆಳೆಯಿತು. ಖಾಲಿ ಎನ್ನುವ ಪೀಪಾಯಿಯ ಹಲಗೆಗಳು ಇನ್ನೂ ಹಲವು ಲೀಟರ್ ವಿಸ್ಕಿ ಹೀರಿಕೊಂಡೇ ಇರುತ್ತವೆ. ತಿಂಗಳುಗಟ್ಟಲೆ ಅದರೊಳಗಿರುವ ಸ್ಟೌಟ್, ಬೇಸಿಗೆಯಲ್ಲಿ ಹಿಗ್ಗಿ ಮರದೊಳಕ್ಕೆ ನುಗ್ಗಿ, ಚಳಿಗೆ ಕುಗ್ಗಿ ಹೊರಬರುತ್ತ, ಆ ವಿಸ್ಕಿಯನ್ನೂ ಮರದ ಸಾರವನ್ನೂ ಎಳೆದುಕೊಳ್ಳುತ್ತದೆ. ಮರದ ಸಂದಿಯಿಂದ ಅತಿ ನಿಧಾನವಾಗಿ ಒಳಬರುವ ಗಾಳಿ ವಿಜಯಪುರದ ಒಣದ್ರಾಕ್ಷಿಯನ್ನು ನೆನಪಿಸುವ ರುಚಿಯನ್ನು ಕೂಡಿಸುತ್ತದೆ; ಅದೇ ಗಾಳಿ ಹೆಚ್ಚಾದರೆ ಬಿಯರ್ ವಿನೆಗರಿನ ದಾರಿ ಹಿಡಿಯುತ್ತದೆ.

ಬಿಳಿ ಓಕ್ ಮರದಲ್ಲಿ ಲ್ಯಾಕ್ಟೋನ್ ಎಂಬ ಅಣುಗಳಿವೆ. ಅಮೆರಿಕದ ಓಕ್‌ನಲ್ಲಿ ಯುರೋಪಿನ ಓಕ್‌ಗಿಂತ ಹೆಚ್ಚಾಗಿರುವ ಇವುಗಳ ವಾಸನೆ ಅಪ್ಪಟ ಒಣಕೊಬ್ಬರಿಯದು. ಪರದೇಶದ ರುಚಿಗಾರರು ಬರೆಯುವ ತೆಂಗು, ಕ್ಯಾರಮೆಲ್, ಒಣಹಣ್ಣು ಎಂಬ ಪಟ್ಟಿಗಿಂತ, ಬೆಲ್ಲ, ಕೊಬ್ಬರಿ, ಕರಿದ ಅಂಟು ಸೇರಿದ ಕರದಂಟು ಎಂದುಬಿಟ್ಟರೆ ವರ್ಣನೆ ಹೆಚ್ಚು ನಿಖರ ಎಂದು ನನ್ನ ಎಣಿಕೆ. ಗೋಕಾಕದವನಿಗೆ ಅದು ಮೊದಲು ಹೊಳೆದದ್ದು ಸಹಜ. ಬೆಂಕಿ ಮಾಡುವ ಕೆಲಸ ಇನ್ನೂ ದೊಡ್ಡದು. ಪೀಪಾಯಿಯ ಒಳಮೈಯನ್ನು ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಧಗಧಗ ಉರಿಸಿದರೆ ಮೇಲೆ ಇದ್ದಿಲಿನ ಪದರ, ಅದರ ಕೆಳಗೆ ಕೆಂಪಗೆ ಬೆಂದ ಪದರ ಉಂಟಾಗುತ್ತವೆ. ಆ ಕೆಂಪು ಪದರದಲ್ಲಿ ಮರದ ಹೆಮಿಸೆಲ್ಯುಲೋಸ್ ಒಡೆದು ಸುಟ್ಟ ಸಕ್ಕರೆಯ ಸವಿ ಕೊಡುತ್ತದೆ; ಮರವನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ. ವೆನಿಲಾ ಕಾಯಿಯಲ್ಲಿರುವುದೂ ಇದೇ ಅಣು. ಹಾರ್ಮನ್ ಮತ್ತು ಟೀಮನ್ ಎಂಬ ಜರ್ಮನ್ ರಸಾಯನಜ್ಞರು 1874ರಲ್ಲಿ ಇದನ್ನು ಮೊದಲ ಬಾರಿ ಕೃತಕವಾಗಿ ತಯಾರಿಸಿದ್ದು ಪೈನ್ ಮರದ ವಸ್ತುವಿನಿಂದಲೇ. ಲವಂಗದ ಯೂಜಿನಾಲ್ ಕೂಡ ಓಕ್‌ನಲ್ಲಿದೆ.

ಗುಟುಕು ಗಂಟಲಿಗೆ ಇಳಿದಾಗಿನ ಉರಿಯ ಕಥೆ ಬೇರೆ, ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುವುದು ಅದೇ. ನರಗಳ ತುದಿಯಲ್ಲಿ, ಸುಮಾರು 42 ಡಿಗ್ರಿ ಮೀರಿದ ಬಿಸಿ ತಗುಲಿದಾಗ "ಸುಡುತ್ತಿದೆ" ಎಂದು ಮಿದುಳಿಗೆ ಕೂಗುವ ಒಂದು ಪ್ರೋಟೀನ್ ಇದೆ. ಸಂಕೇಶ್ವರದ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೂಡ ಅದನ್ನೇ ತಟ್ಟಿ ಎಬ್ಬಿಸುವುದರಿಂದ ಖಾರ ನಮಗೆ ಉರಿಯಾಗಿ ತಿಳಿಯುತ್ತದೆ. 1997ರಲ್ಲಿ ಇದರ ಜೀನನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಆಲ್ಕೋಹಾಲ್ ಈ ಪ್ರೋಟೀನಿನ ಎಚ್ಚರದ ಗೆರೆಯನ್ನು 34 ಡಿಗ್ರಿಯ ಹತ್ತಿರಕ್ಕೆ ಇಳಿಸಿಬಿಡುತ್ತದೆ. ನಮ್ಮ ಮೈಯ ಬಿಸಿ 37. ಹಾಗಾಗಿ, ತಣ್ಣಗಿನ ಮದ್ಯ ಕುಡಿದವರ ಗಂಟಲನ್ನು ಸುಡುವುದು ಅವರದೇ ಮೈಶಾಖ! ಈ ಪ್ರೋಟೀನಿಗೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿ ವೆನಿಲಾ ಅಡಗಿದೆ. ಏಕೆಂದರೆ ಕ್ಯಾಪ್ಸೈಸಿನ್ ಅಣುವಿನ ಒಂದು ತುದಿ ವೆನಿಲಿನ್‌ನದೇ ಅಚ್ಚು. ಹಲಗೆಯ ಸಿಹಿಗಂಪೂ ಮೆಣಸಿನಕಾಯಿಯ ಖಾರವೂ ರಸಾಯನದ ಲೆಕ್ಕದಲ್ಲಿ ದಾಯಾದಿಗಳು.

ಗೆಳೆಯನಿಗೆ ಇದನ್ನೆಲ್ಲ ಹೇಳಿದರೂ ನಂಬಿಕೆ ಬರಲಿಲ್ಲ. ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಲು ಹೇಳಿದೆ. ಸಿಹಿ, ಕಹಿ, ತುಸು ಹುಳಿ ಮತ್ತು ಉರಿ ಇದ್ದವು, ಕೊಬ್ಬರಿ ಮಾಯವಾಗಿತ್ತು. ಮೂಗು ಬಿಟ್ಟೊಡನೆ ಅದು ಮರಳಿ ಬಂತು, ಏಕೆಂದರೆ ಅಂಗುಳಿನ ಹಿಂದಿನ ದಾರಿಯಿಂದ ಪರಿಮಳ ಮೂಗಿಗೆ ಏರದೆ ನಾಲಿಗೆಗೆ ಕೊಬ್ಬರಿ ಎಂಬುದು ಗೊತ್ತೇ ಆಗುವುದಿಲ್ಲ.

ಬೆಳಿಗ್ಗೆ ಲೋಟ ತೊಳೆಯಲು ಎತ್ತಿಕೊಂಡವನು ಅವನೇ. ಆಲ್ಕೋಹಾಲ್ 78 ಡಿಗ್ರಿಯಲ್ಲಿ ಕುದಿಯುವ ಹಗುರ ಅಣು, ರಾತ್ರಿಯೇ ಹಾರಿಹೋಗಿತ್ತು. 285 ಡಿಗ್ರಿಯವರೆಗೂ ಕುದಿಯದ ವೆನಿಲಿನ್ ಗಾಜಿಗೆ ಅಂಟಿಕೊಂಡೇ ಉಳಿದಿತ್ತು. ಬಿಯರಿನ ಸುಳಿವೇ ಇಲ್ಲದ ಆ ಲೋಟವನ್ನು ಮೂಗಿನ ಹತ್ತಿರ ಹಿಡಿದು, ತೊಳೆಯದೆ, ಹಾಗೆಯೇ ಕಟ್ಟೆಯ ಮೇಲೆ ಇಟ್ಟ.