ಮೀನುಮರಿ ಬಿಟ್ಟರೆ ಸಾಲದು, ಹೊಸ ನೀರೂ ಬಿಡಬೇಕು

ತುಂಗಭದ್ರಾ ಜಲಾಶಯ ತುಂಬಿತು ಅಂದರೆ ಮೀನುಮರಿ ಬಿಡುವ ಕೆಲಸ ಶುರು. ಆಮ್ಲಜನಕ ತುಂಬಿದ ಚೀಲಗಳು, ದಡದಲ್ಲಿ ನಾಲ್ಕು ಜನ ಗಣ್ಯರು, ಒಂದು ಫೋಟೊ, ಮರುದಿನ ಪೇಪರಲ್ಲಿ ಇಷ್ಟು ಲಕ್ಷ ಮರಿ ಬಿಟ್ಟರು ಅಂತ ಸುದ್ದಿ. ಮೀನಿನ ಕೆಲಸದಲ್ಲೇ ಇರುವ ನನಗೆ ಮುನಿರಾಬಾದ್, ಹುಲಿಗಿ, ಆನೆಗೊಂದಿ ಕಡೆಯ ಬೆಸ್ತರು ಕೇಳುವ ಪ್ರಶ್ನೆ ಮಾತ್ರ ಅದೇ. ಇಷ್ಟೆಲ್ಲ ಮರಿ ಬಿಡ್ತಾರಲ್ಲ, ನಮ್ಮ ಹರಗಿ ಎಲ್ಲಿ ಹೋಯ್ತು? ಕೆಮ್ಮೀನು ಯಾಕೆ ಬಲೆಗೆ ಬೀಳ್ತಿಲ್ಲ?

ಹರಗಿ, ಕೆಮ್ಮೀನು ಎರಡೂ ಈ ಹೊಳೆಯದೇ ಮೀನು. ಬಿಡುವ ಮರಿ ಅವುಗಳದ್ದಲ್ಲ, ಅಷ್ಟೇ. ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನ ಕಡೆಯಿಂದ ನಮ್ಮ ಕೆರೆ, ಜಲಾಶಯಗಳಿಗೆ ಬಂದವು. ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಹೊರದೇಶದ್ದು. ಇವುಗಳಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತದೆ, ಅದನ್ನು ನಾನು ಹಗುರ ಮಾಡಲ್ಲ. ಆದರೆ ಅದು ಮೀನು ಬೆಳೆಯುವ ಕೆಲಸ. ಹೊಳೆಯ ಮೀನನ್ನು ಉಳಿಸುವುದು ಬೇರೆ ಕೆಲಸ. ಎರಡಕ್ಕೂ ಒಂದೇ ಬೋರ್ಡು ಹಾಕಿಬಿಟ್ಟಿದ್ದೇವೆ.

ಹೊಳೆ ಮೀನಿಗೆ ನಿಜವಾಗಿ ಬೇಕಾಗಿರುವುದು ಹೊಸ ನೀರು. ಜೂನ್‌ನಲ್ಲಿ ಮಲೆನಾಡಿನಲ್ಲಿ ಮಳೆ ಬಿದ್ದು ತುಂಗೆ, ಭದ್ರೆ, ವರದಾ ಎಲ್ಲ ಕೆಂಪಾಗಿ ಇಳಿದು ಬರುತ್ತಿದ್ದ ಕಾಲದಲ್ಲಿ ಆ ಮೊದಲ ಕೆನ್ನೀರು ಆನೆಗೊಂದಿ ಬಂಡೆಗಳನ್ನು ದಾಟಿ ಕಂಪ್ಲಿ, ಸಿರುಗುಪ್ಪದ ಕಡೆ ಹೋಗುವಾಗ ಮೀನಿನ ಮೈಯೊಳಗೆ ಗಂಟೆ ಬಾರಿಸುತ್ತಿತ್ತು. ನೀರು ತಣ್ಣಗಾಗುತ್ತದೆ, ರಾಡಿಯಾಗುತ್ತದೆ, ಮಟ್ಟ ಏರುತ್ತಾ ಹೋಗುತ್ತದೆ. ಈ ಮೂರೂ ಒಟ್ಟಿಗೆ ಬಂದಾಗಲೇ ಹರಗಿಯಂಥ ಗೆಂಡೆ ಜಾತಿಯ ದೊಡ್ಡ ಮೀನುಗಳು ಮೇಲಕ್ಕೆ ಹತ್ತುತ್ತವೆ, ಜಲ್ಲಿಕಲ್ಲಿನ ತೆಳು ನೀರಿನಲ್ಲೋ ಮುಳುಗಿದ ಹುಲ್ಲಿನ ಅಂಚಿನಲ್ಲೋ ಮೊಟ್ಟೆ ಇಡುತ್ತವೆ. ಬರೀ ನೀರಿದ್ದರೆ ಸಾಲದು. ಏರುವ ನೀರು ಬೇಕು.

1953ರಲ್ಲಿ ಡ್ಯಾಂ ಮುಗಿದ ಮೇಲೆ ಆ ಮೊದಲ ನೀರು ಪೂರ್ತಿ ಹಿಂದೆ ನಿಲ್ಲುತ್ತದೆ. ಜೂನ್, ಜುಲೈ ಜಲಾಶಯ ತುಂಬಿಸಿಕೊಳ್ಳುವ ತಿಂಗಳು. ರೈತರು ದಿನಾ ಮಟ್ಟ ನೋಡುತ್ತಾರೆ, ಒಳಹರಿವು ಎಷ್ಟು ಕ್ಯೂಸೆಕ್ಸ್ (ಸೆಕೆಂಡಿಗೆ ಎಷ್ಟು ಘನ ಅಡಿ) ಅಂತ ಫೋನಲ್ಲೇ ಲೆಕ್ಕ ಹಾಕುತ್ತಾರೆ, ತಪ್ಪೇನಿಲ್ಲ. ಆದರೆ ಅದೇ ಹೊತ್ತಿಗೆ ಡ್ಯಾಂ ಕೆಳಗೆ ಹೊಟ್ಟೆ ತುಂಬಾ ಮೊಟ್ಟೆ ಇಟ್ಟುಕೊಂಡ ಮೀನು ಮಂಡಿಯುದ್ದದ ಬಿಸಿ ನೀರಿನಲ್ಲಿ ಕಾಯುತ್ತಿರುತ್ತದೆ. ಜುಲೈ ಕೊನೆಗೋ ಆಗಸ್ಟಿಗೋ ಗೇಟು ಎತ್ತುವ ಹೊತ್ತಿಗೆ ಎಷ್ಟೋ ಮೀನುಗಳ ಮೊಟ್ಟೆ ಹೊಟ್ಟೆಯಲ್ಲೇ ಕರಗಿ ವಾಪಸ್ ಮೈಗೆ ಸೇರಿಬಿಟ್ಟಿರುತ್ತದೆ. ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು.

ಗೇಟು ಎತ್ತುವ ರೀತಿಯೂ ಕಷ್ಟವೇ. ಬರುವಾಗ ಒಂದೇ ಸಲ ಲಕ್ಷ ಕ್ಯೂಸೆಕ್ಸ್, ನಿಲ್ಲಿಸುವಾಗ ಸರಕ್ಕನೆ ಇಳಿತ. ಬಂಡೆಯ ಕುಳಿಗಳಿಗೆ ನುಗ್ಗಿದ ಮರಿಗಳು ವಾಪಸ್ ಹರಿವಿಗೆ ಬರುವಷ್ಟು ಸಮಯ ಸಿಗಲ್ಲ. ಎರಡು ದಿನ ಬಿಸಿಲು ಬಿದ್ದರೆ ಕುಳಿಯ ನೀರು ಕಾದು, ಕಾಗೆ ಕೊಕ್ಕರೆಗೆ ಊಟ.

ಡ್ಯಾಂ ಮೇಲೆ ಏನಾಗುತ್ತದೆ ಅಂತ ಕೇಳಬಹುದು. ಅಲ್ಲಿ ಹೊಸ ನೀರು ಬರುತ್ತದೆ ನಿಜ. ಮೀನು ಹಿನ್ನೀರಿನಿಂದ ಮೇಲೆ ಹತ್ತಿ ಮೊಟ್ಟೆಯನ್ನೂ ಇಡುತ್ತದೆ. ಆದರೆ ಕೆಲವು ಗೆಂಡೆಗಳ ಮೊಟ್ಟೆ ಹರಿವಿನಲ್ಲಿ ತೇಲುತ್ತಾ ಹೋಗಿ ದಾರಿಯಲ್ಲೇ ಒಡೆದು ಮರಿಯಾಗಬೇಕು. ಅದಕ್ಕೆ ಉದ್ದನೆಯ ಹರಿಯುವ ಹೊಳೆ ಬೇಕು. ಮೇಲುಗಡೆ ಹಮ್ಮಿಗಿ ಹತ್ತಿರ ಸಿಂಗಟಾಲೂರು ಬ್ಯಾರೇಜ್ ಬಂದಿದೆ, ಕೆಳಗೆ ಹಿನ್ನೀರು ಕಾಯುತ್ತಿದೆ, ನಡುವೆ ಉಳಿದದ್ದು ತುಂಡು ಹೊಳೆ. ಮೊಟ್ಟೆ ಬಲು ಬೇಗ ನಿಂತ ನೀರಿಗೆ ಬಂದು ತಳಕ್ಕೆ ಕೂತು ಹೂಳಿನಲ್ಲಿ ಉಸಿರುಗಟ್ಟುತ್ತದೆ. ಹೂಳಿಗಂತೂ ಬರವಿಲ್ಲ. 133 ಟಿಎಂಸಿ (ಶತಕೋಟಿ ಘನ ಅಡಿ) ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಬಂದಿದೆ. ನಾವು ಇದನ್ನು ನೀರಾವರಿ ನಷ್ಟ ಅಂತ ಮಾತ್ರ ಓದುತ್ತೇವೆ. ಮೇಲಿನಿಂದ ಇಳಿದು ಬರಬೇಕಾದ ಮರಳು, ಜಲ್ಲಿಯೂ ಅಲ್ಲೇ ನಿಂತುಬಿಟ್ಟಿದೆ. ಕೆಳಗಿನ ಹೊಳೆಗೆ ಹೊಸ ಜಲ್ಲಿ ಬರಲ್ಲ, ಇದ್ದ ಮರಳನ್ನು ಟ್ರ್ಯಾಕ್ಟರ್ ಹೊತ್ತುಕೊಂಡು ಹೋಗುತ್ತದೆ. ಮೊಟ್ಟೆ ಇಡೋದು ಎಲ್ಲಿ?

ಹರಗಿಯ ಕಥೆ ಇನ್ನೂ ಬೇಸರದ್ದು. ಹೈಪ್ಸೆಲೊಬಾರ್ಬಸ್ ಪುಲ್ಚೆಲ್ಲಸ್ ಅಂತ ಇದರ ಶಾಸ್ತ್ರೀಯ ಹೆಸರು. ಒಂದು ಕಾಲಕ್ಕೆ ತುಂಗಭದ್ರೆಯ ಹೆಸರುವಾಸಿ ಮೀನು. ಈಗ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅತ್ಯಂತ ಅಪಾಯದಲ್ಲಿರುವ ಜಾತಿಗಳ ಸಾಲಿನಲ್ಲಿದೆ. ಇದು ಸೊಪ್ಪು ತಿನ್ನುವ ಮೀನು, ನೀರಿನ ಗಿಡ, ದಡದ ಹುಲ್ಲು ಇದರ ಊಟ. ಜಲಾಶಯದ ಮಟ್ಟ ವರ್ಷಕ್ಕೊಮ್ಮೆ ಹತ್ತಾರು ಅಡಿ ಏರಿ ಇಳಿಯುವ ಕಡೆ ದಡದಲ್ಲಿ ಯಾವ ನೀರಿನ ಗಿಡ ಬೇರು ಬಿಡುತ್ತದೆ ಹೇಳಿ? ಬೇಸಿಗೆಯಲ್ಲಿ ಹಿನ್ನೀರಿನ ಬಿರುಕು ಬಿಟ್ಟ ಮಣ್ಣಿನ ಮೇಲೆ ಓಡಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೊಟ್ಟೆಗೆ ಜಾಗ ಇಲ್ಲ, ಹೊಟ್ಟೆಗೆ ಊಟವೂ ಇಲ್ಲ.

ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಯಾಕೆ ಎಲ್ಲೆಲ್ಲೂ ತುಂಬಿಕೊಂಡಿದೆ ಅನ್ನೋದೂ ಇಲ್ಲೇ ಗೊತ್ತಾಗುತ್ತದೆ. ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. ಅದಕ್ಕೆ ಹೊಸ ನೀರು ಬೇಡ, ಜಲ್ಲಿ ಬೇಡ, ಪ್ರವಾಹ ಬೇಡ. ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಹೊಳೆಯನ್ನು ಕೆರೆ ಮಾಡಿದರೆ ಕೆರೆಗೆ ಒಗ್ಗುವ ಮೀನು ಗೆಲ್ಲುತ್ತದೆ. ತಿಲಾಪಿಯಾವನ್ನು ಬೈದು ಪ್ರಯೋಜನ ಇಲ್ಲ. 2000ದಲ್ಲೇ ನಿಷೇಧವಾದ ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಮಾತ್ರ ಬೈಯಲೇಬೇಕು. ಅದನ್ನು ಇನ್ನೂ ಗುಟ್ಟಾಗಿ ಹೊಂಡದಲ್ಲಿ ಸಾಕುವವರಿದ್ದಾರೆ, ಮಳೆಗೆ ಹೊಂಡ ಒಡೆದರೆ ಅದು ಸೀದಾ ಹಳ್ಳ, ಹಳ್ಳದಿಂದ ಹೊಳೆ.

ಈಗ ನೀರಿನ ಲೆಕ್ಕಕ್ಕೆ ಬರೋಣ. ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಭತ್ತದ ರೈತರ ಮುಂದೆ ಮೀನಿಗೆ ನೀರು ಬಿಡಿ ಅಂದರೆ ಏಟು ಬೀಳುತ್ತದೆ ಅಂತ ನನಗೂ ಗೊತ್ತು. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ 1976ರ ತೀರ್ಪಿನ ಪ್ರಕಾರ ತುಂಗಭದ್ರಾ ಜಲಾಶಯದ ಲೆಕ್ಕ 230 ಟಿಎಂಸಿ. ಅದರಲ್ಲಿ 18 ಟಿಎಂಸಿ ಆವಿಯಾಗಿ ಹೋಗುವ ನೀರು. ಆವಿಗೂ ಒಂದು ಪಾಲು ಬರೆದಿದ್ದಾರೆ, ಹೊಳೆಯ ಜೀವಕ್ಕೆ ಬರೆದಿಲ್ಲ. ಹೊಸದಾಗಿ ಪಾಲು ಕೇಳಿದರೆ ಮೂರು ರಾಜ್ಯ ಜಗಳಕ್ಕೆ ನಿಲ್ಲುತ್ತವೆ. ಹಾಗಾಗಿ ನಾನು ಹೊಸ ಪಾಲು ಕೇಳುತ್ತಿಲ್ಲ.

ಹಂಚಿಕೆಯಾದ ನೀರಿನಲ್ಲೇ ಒಂದಿಷ್ಟು ಹೇಗಿದ್ದರೂ ಹೊಳೆಯಲ್ಲೇ ಕೆಳಗೆ ಹೋಗಬೇಕು. ರಾಯಚೂರು ಜಿಲ್ಲೆಯ ರಾಜೋಳಿಬಂಡಾ ಅಣೆಗೆ 7 ಟಿಎಂಸಿ, ಕರ್ನೂಲು-ಕಡಪ ಕಾಲುವೆಗೆ 10 ಟಿಎಂಸಿ. ಇವು ಕಾಲುವೆಯಲ್ಲಿ ಹೋಗಲ್ಲ, ಹೊಳೆಯಲ್ಲೇ ಹರಿದು ಹೋಗುತ್ತವೆ. ಇದರಲ್ಲಿ ಒಂದು ಸಣ್ಣ ಭಾಗವನ್ನು ಜೂನ್ ಕೊನೆಯಲ್ಲೋ ಜುಲೈ ಮೊದಲ ವಾರದಲ್ಲೋ, ಜಲಾಶಯಕ್ಕೆ ಕೆಂಪು ನೀರು ಬರಲು ಶುರುವಾದ ಕೂಡಲೇ, ಕೆಲವು ದಿನ ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸಿ ಬಿಡಿ ಅಂತ ಮಾತ್ರ ನನ್ನ ಬೇಡಿಕೆ. ಆ ನೀರು ಕೆಳಗಿನವರ ಲೆಕ್ಕಕ್ಕೇ ಜಮೆ. ರೈತರ ಪಾಲಿನಿಂದ ಒಂದು ಚೊಂಬು ನೀರೂ ಕಡಿಮೆಯಾಗಲ್ಲ. ಬರದ ವರ್ಷ ಆಗಲ್ಲ ಅಂದರೆ ಆ ವರ್ಷ ಬಿಡಿ. ಈ ಮೀನುಗಳು ಹಲವು ವರ್ಷ ಬದುಕುತ್ತವೆ, ಎರಡು ಮೂರು ವರ್ಷಕ್ಕೊಮ್ಮೆ ಒಳ್ಳೆಯ ಸಂತಾನ ಆದರೂ ಕುಲ ಉಳಿಯುತ್ತದೆ.

ಇದು ಆಗದ ಮಾತು ಅನ್ನುವವರು ಈಚಿನದ್ದನ್ನೇ ನೆನಪಿಸಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಅದರ ನಂತರ ಗೇಟುಗಳ ಮೇಲೆ ಭಾರ ಬೀಳಬಾರದು ಅಂತ 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿ ಮಾಡಿದರು. ಆ ವರ್ಷ ಮಳೆ ಬೇಗ ಬಂತು, ಜುಲೈ ಆರಂಭದಲ್ಲೇ ಹೊಳೆಗೆ ನೀರು ಬಿಡಬೇಕಾಯಿತು. ಅಂದರೆ ಯಾರೂ ಮೀನಿಗಾಗಿ ಮಾಡದಿದ್ದರೂ ಹೊಸ ನೀರು ಸರಿಯಾದ ತಿಂಗಳಲ್ಲಿ ಹರಿಯಿತು. ಗೇಟಿನ ಸುರಕ್ಷತೆಗಾಗಿ ಆದದ್ದನ್ನು ಒಂದು ಸಣ್ಣ ಪ್ರಮಾಣದಲ್ಲಿ ಬೇಕೆಂದೇ ಮಾಡಬಹುದು, ಅಲ್ವಾ?

ಮೀನು ಏಣಿ ಹಾಕಿ ಅನ್ನೋ ಸಲಹೆ ಆಗಾಗ ಬರುತ್ತದೆ. ಜಿಗಿಯುವ ಸಾಲ್ಮನ್ ಮೀನಿಗಾಗಿ ಹೊರದೇಶದಲ್ಲಿ ಕಟ್ಟಿದ್ದನ್ನು ಸುಮಾರು 50 ಮೀಟರ್ ಎತ್ತರದ ಡ್ಯಾಂಗೆ, ಜಿಗಿಯದ ಕೆಮ್ಮೀನಿಗೆ ಹಾಕಿ ಏನು ಮಾಡುವುದು? ದುಡ್ಡು ದಂಡ. ಆದರೆ ತಗ್ಗಿನ ಅಣೆ, ಬ್ಯಾರೇಜುಗಳಲ್ಲಿ ಇಳಿಜಾರಾಗಿ ಕಲ್ಲು ಜೋಡಿಸಿ ದಾರಿ ಮಾಡಿದರೆ ಕೆಲಸ ಆಗುತ್ತದೆ. ವಿಜಯನಗರ ಕಾಲದ ಅಣೆಗಳನ್ನೇ ನೋಡಿ. ಕಲ್ಲು ಜೋಡಿಸಿದ ತಗ್ಗಿನ ಕಟ್ಟೆಗಳು, ನೆರೆ ಬಂದರೆ ಪೂರ್ತಿ ಮುಳುಗುತ್ತವೆ, ಸಂದಿಗಳಲ್ಲಿ ವರ್ಷವಿಡೀ ನೀರು ಜಿನುಗುತ್ತದೆ. ಮೀನಿಗೆ ಅವು ಗೋಡೆ ಆಗಿರಲಿಲ್ಲ. ಈಗ ದುರಸ್ತಿ ಅಂತ ಸಂದಿಗೆಲ್ಲ ಕಾಂಕ್ರೀಟ್ ತುಂಬುವ ಎಂಜಿನಿಯರುಗಳು ಒಂದು ಮೂಲೆಯಲ್ಲಾದರೂ ತಗ್ಗು ಬಿಟ್ಟರೆ ಉಪಕಾರ.

ಸಮುದ್ರದಲ್ಲಿ ಹುಟ್ಟಿ ಹೊಳೆಗೆ ಹತ್ತುವ ದೊಡ್ಡ ಹಾವುಮೀನಿನ ಬಗ್ಗೆ ಮಾತ್ರ ನನ್ನ ಬಳಿ ಪರಿಹಾರ ಇಲ್ಲ. ವಿಜಯವಾಡದ ಬ್ಯಾರೇಜ್, ನಾಗಾರ್ಜುನ ಸಾಗರ, ಶ್ರೀಶೈಲ, ಸುಂಕೇಶುಲ, ರಾಜೋಳಿಬಂಡಾ ಎಲ್ಲ ದಾಟಿ ಅದು ಕೊಪ್ಪಳಕ್ಕೆ ಬರಬೇಕು. ಇಲ್ಲಿ ಕೂತು ನಾವು ಮಾಡುವಂಥದ್ದೇನೂ ಇಲ್ಲ.

ಮಾಡಬಹುದಾದ ಇನ್ನೊಂದು ಕೆಲಸ ಮಡುಗಳನ್ನು ಉಳಿಸುವುದು. ಡ್ಯಾಂ ಕೆಳಗೆ ಬಂಡೆಗಳ ನಡುವಿನ ಆಳದ ಗುಂಡಿಗಳಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ಮುಂದಿನ ಮಳೆಗಾಲಕ್ಕೆ ಬೇಕಾದ ತಾಯಿ ಮೀನುಗಳು ಉಳಿಯುವುದೇ ಅಲ್ಲಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ನೀರುನಾಯಿ ಬಲೆ ಹರಿಯುತ್ತದೆ ಅಂತ ಮೀನುಗಾರರಿಗೆ ಸಿಟ್ಟಿದೆ, ಆದರೆ ಅದರ ಹೆಸರಲ್ಲಿ ಮಡುವಿನ ಮೀನಿಗೂ ಒಂದು ಆಸರೆ ಸಿಕ್ಕಿದೆ. ಕಾಗದದ ಮೇಲಿನ ಆಸರೆ ನೀರಿಗೂ ಇಳಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಡುವಿಗೇ ಪಂಪ್‌ಸೆಟ್ ಇಳಿಸುವವರಿದ್ದಾರೆ, ಮದ್ದು ಸಿಡಿಸಿ ಮೀನು ಹಿಡಿಯುವವರಿದ್ದಾರೆ. ಸ್ಫೋಟಕ, ವಿಷ ಹಾಕಿ ಮೀನು ಹಿಡಿಯುವುದು 1897ರ ಕಾಯ್ದೆಯ ಕಾಲದಿಂದಲೂ ಅಪರಾಧ. ಒಂದು ಮದ್ದು ಸಿಡಿದರೆ ಸತ್ತ ಮೀನಿನಲ್ಲಿ ತೇಲುವುದನ್ನು ಹಿಡಿಯುತ್ತಾರೆ, ಮುಳುಗಿದ್ದು ಅಲ್ಲೇ ಕೊಳೆಯುತ್ತದೆ.

ಹಾಗಾದರೆ ಹರಗಿ ಮರಿಯನ್ನೇ ಹ್ಯಾಚರಿಯಲ್ಲಿ (ಮರಿ ಮಾಡುವ ಕೇಂದ್ರದಲ್ಲಿ) ಮಾಡಿ ಬಿಡಬಹುದಲ್ಲ? ಮಾಡಬೇಕು, ಹುಷಾರಾಗಿ. ಮಹಶೀರ್ ಅನ್ನುವ ದೊಡ್ಡ ಹೊಳೆ ಮೀನಿನ ಪಾಠ ನಮ್ಮ ಮುಂದಿದೆ. ಮಹಾರಾಷ್ಟ್ರದ ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿದ ಟಾರ್ ಖುಡ್ರೀ ಅನ್ನುವ ಮಹಶೀರ್ ಮರಿಗಳನ್ನು ದಶಕಗಳ ಕಾಲ ದೇಶದ ನಾನಾ ನದಿಗಳಿಗೆ ಕೊಟ್ಟರು. ಆ ಮೀನು ಕೃಷ್ಣಾ ಕಣಿವೆಯದ್ದೇ, ಪುಣೆ ಕಡೆಯ ಮುಳಾ ನದಿಯ ಮೀನು ನೋಡಿ 1839ರಲ್ಲಿ ಅದಕ್ಕೆ ಹೆಸರಿಟ್ಟದ್ದು. ಆ ನೀರು ಭೀಮೆಯಾಗಿ ರಾಯಚೂರಿನ ಹತ್ತಿರ ಕೃಷ್ಣೆ ಸೇರುತ್ತದೆ. ನಮಗೆ ಅದು ಮನೆ ಮೀನು. ಆದರೆ ಕಾವೇರಿಗೆ ಬಿಟ್ಟಾಗ ಅದು ಪರಕೀಯ. ಅಲ್ಲಿ ಅದು ಹೆಚ್ಚುತ್ತಾ ಹೋದಂತೆ ಕಾವೇರಿಯದೇ ಆದ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂತು. ಹಾಗಾಗಿ ದೇಶಿ ಮೀನು ಅನ್ನುವಾಗ ರಾಜ್ಯದ ಗಡಿ ನೋಡಬೇಡಿ, ನದಿಯನ್ನು ನೋಡಿ. ತುಂಗಭದ್ರೆಗೆ ಬಿಡುವ ಹರಗಿಯ ತಾಯಿ ತಂದೆ ತುಂಗಭದ್ರೆಯವೇ ಆಗಿರಬೇಕು, ಅದೂ ಒಂದೆರಡು ಜೋಡಿಯಲ್ಲ, ಜಾಸ್ತಿ ಇರಬೇಕು.

ಇನ್ನು ಲೆಕ್ಕದ ಪುಸ್ತಕ. ನಾನು ನೋಡಿದ ಮೀನು ಇಳುವರಿ ರಿಜಿಸ್ಟರುಗಳಲ್ಲಿ ಕಾಟ್ಲಾ, ರೋಹು, ಮೃಗಾಲ್‌ಗೆ ಒಂದೊಂದು ಕಾಲಂ. ಕೆಮ್ಮೀನು, ಬಾಳೆ, ಚಪ್ಪಲಿ ಮೀನು, ಹರಗಿ ಎಲ್ಲವೂ ‘ಇತರೆ’. ಒಂದು ಜಾತಿ ಪೂರ್ತಿ ಮಾಯವಾದರೂ ಇತರೆಯ ತೂಕವನ್ನು ಜಿಲೇಬಿ ತುಂಬಿಕೊಡುತ್ತದೆ, ಯಾರಿಗೂ ಗೊತ್ತೇ ಆಗಲ್ಲ. ಇನ್ನೂ ನಾಲ್ಕು ಕಾಲಂ ಎಳೆಯುವುದಕ್ಕೆ ಯಾವ ಯೋಜನೆಯೂ ಬೇಡ, ಒಂದು ಸ್ಕೇಲು ಸಾಕು. ಮೀನು ಗುರುತಿಸಲು ತಜ್ಞರೂ ಬೇಡ, ಹರಗೋಲಿನಲ್ಲಿ ಕೂತು ಬೆಳೆದವರಿಗೆ ಹೆಸರು ನಮಗಿಂತ ಚೆನ್ನಾಗಿ ಗೊತ್ತು.

ಕೊನೆಗೆ ಮೀನುಗಾರರ ವಿಷಯ. ಹೊಸ ನೀರು ಬಿಟ್ಟ ದಿನವೇ ಹೊಳೆಗೆ ಅಡ್ಡಲಾಗಿ ಬಲೆ ಕಟ್ಟಿದರೆ ಇಷ್ಟೆಲ್ಲ ಮಾಡಿದ್ದು ಸುಮ್ನೆ. ಮೊಟ್ಟೆ ಮೀನು ಹತ್ತುವ ವಾರಗಳಲ್ಲಿ ಹಿಡಿಯಬೇಡಿ ಅಂತ ಹೇಳಲೇಬೇಕು. ಆದರೆ ದಿನದ ದುಡಿಮೆಯ ಮನೆಗೆ ಬರೀ ಉಪದೇಶ ಕೊಟ್ಟರೆ ನಡೆಯಲ್ಲ. ಪ್ರಧಾನ ಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಮೀನು ಹಿಡಿಯಬಾರದ ತಿಂಗಳುಗಳಿಗೆ ನೆರವು ಕೊಡುವ ಅವಕಾಶ ಇದೆ, ಒಳನಾಡಿನವರಿಗೂ ಇದೆ. ಸಂಘಗಳು ಫೆಬ್ರುವರಿ, ಮಾರ್ಚ್‌ನಲ್ಲೇ ಪಟ್ಟಿ ಮಾಡಿಸಿ, ಆಧಾರ್, ಬ್ಯಾಂಕ್ ಖಾತೆ ಸರಿ ಮಾಡಿಸಿ ಇಟ್ಟುಕೊಳ್ಳಬೇಕು. ಆ ದುಡ್ಡು ಜೂನ್‌ನಲ್ಲಿ ಕೈಗೆ ಬಂದರೆ ಬಲೆ ಅಟ್ಟದ ಮೇಲಿರುತ್ತದೆ. ಸೆಪ್ಟೆಂಬರ್‌ನಲ್ಲಿ ಬಂದರೆ ಅಷ್ಟರಲ್ಲಿ ಮೊಟ್ಟೆ ಮೀನು ಸಂತೆಗೆ ಹೋಗಿ ಮಾರಾಟವೂ ಆಗಿರುತ್ತದೆ.