ಮೋರ್ಗನಾಟಿಕ್ ಮದುವೆ: ಎಡಗೈ ಹಿಡಿದ ಹೆಂಡತಿ

ಮದುವೆಗೆ ನಮ್ಮಲ್ಲಿ ಪಾಣಿಗ್ರಹಣವೆಂಬ ಹೆಸರೂ ಇದೆ. ಹಿಡಿಯುವುದು ವಧುವಿನ ಬಲಗೈಯನ್ನು. ಜರ್ಮನ್ ನಾಡುಗಳ ರಾಜಮನೆತನಗಳಲ್ಲಿ ‘ಎಡಗೈ ಮದುವೆ’ ಎಂಬುದೂ ಇತ್ತು. ಅಂತಸ್ತಿನಲ್ಲಿ ಕೆಳಗಿನವಳನ್ನು ವರಿಸುವ ರಾಜಕುಮಾರ ಅವಳಿಗೆ ಎಡಗೈ ನೀಡುತ್ತಿದ್ದ. ಕಾನೂನಿನ ಮಾತಿನಲ್ಲಿ ಇದು ಮೋರ್ಗನಾಟಿಕ್ ಮದುವೆ.

ಪದದ ಬೇರು ಬೆಳಗು ಎಂಬರ್ಥದ ‘ಮೋರ್ಗನ್’ ಎನ್ನುತ್ತಾರೆ. ಮೊದಲ ರಾತ್ರಿ ಕಳೆದ ಬೆಳಗ್ಗೆ ಗಂಡ ಕೊಡುವ ಉಡುಗೊರೆ ‘ಮೋರ್ಗನ್‌ಗಾಬೆ’. ನಮ್ಮ ಸ್ತ್ರೀಧನದ ಹಾಗೆ ಅದು ಹೆಂಡತಿಯ ಸ್ವಂತದ್ದು. ಈ ಬಗೆಯ ಮದುವೆಯಲ್ಲಿ ಅವಳ ಪಾಲಿಗೆ ಬರುವುದು ಅಷ್ಟೇ. ಗಂಡನ ಪದವಿ ಅವಳಿಗಿಲ್ಲ, ಮಕ್ಕಳಿಗೆ ಪಟ್ಟವಿಲ್ಲ. ಹಾಗೆಂದು ಅವಳು ಇಟ್ಟುಕೊಂಡವಳಲ್ಲ. ಚರ್ಚಿನ ಲೆಕ್ಕದಲ್ಲಿ ಧರ್ಮಪತ್ನಿಯೇ, ಮಕ್ಕಳೂ ಔರಸರೇ.

ಈ ಇಬ್ಬಂದಿ ಬದುಕನ್ನು ಫಿಲಿಪ್ಪೀನ್ ವೆಲ್ಸರಳಷ್ಟು ಉಂಡವರು ಕಡಿಮೆ. ಆಕೆ ಆಗ್ಸ್‌ಬರ್ಗ್‌ನ ಸಾಹುಕಾರ ಮನೆತನದವಳು. ಐದನೆಯ ಚಾರ್ಲ್ಸ್ ಚಕ್ರವರ್ತಿಗೇ ಸಾಲ ಕೊಟ್ಟ ಮನೆ ಅದು. ಹಣ ಪಡೆಯಲು ಅಡ್ಡಬಾರದ ಕುಲ ಹೆಣ್ಣು ತರುವಾಗ ಅಡ್ಡ ಬಂತು! ಆ ಚಾರ್ಲ್ಸನ ತಮ್ಮನ ಮಗ, ಹ್ಯಾಬ್ಸ್‌ಬರ್ಗ್ ವಂಶದ ಫರ್ಡಿನಾಂಡ್, 1557ರಲ್ಲಿ ಬೊಹೆಮಿಯಾದ ಕೋಟೆಯೊಂದರಲ್ಲಿ ಆಕೆಯನ್ನು ಗುಟ್ಟಾಗಿ ಮದುವೆಯಾದ. ಎರಡು ವರ್ಷಗಳ ಬಳಿಕ ವಿಷಯ ತಿಳಿದ ತಂದೆ ಸಿಟ್ಟಾದರೂ ಮದುವೆಯನ್ನು ಮುರಿಯಲಿಲ್ಲ. ಷರತ್ತು ಹಾಕಿದ: ಗುಟ್ಟು ಗುಟ್ಟಾಗಿಯೇ ಇರಬೇಕು, ವಂಶದಲ್ಲಿ ಬೇರೆ ಗಂಡು ಸಂತಾನ ಉಳಿದಿರುವ ತನಕ ಈ ಮಕ್ಕಳಿಗೆ ಉತ್ತರಾಧಿಕಾರವಿಲ್ಲ.

ಗುಟ್ಟು ಕಾಯಲು ಅವರು ಹೂಡಿದ ಆಟ ನೋಡಿ. ಹೆತ್ತ ಕೂಸನ್ನು ಕೋಟೆಯ ಬಾಗಿಲಲ್ಲಿ ಮಲಗಿಸುವುದು, ಯಾರೋ ಬಿಟ್ಟುಹೋದ ಅನಾಥ ಶಿಶುವೆಂದು ಒಳಗೆತ್ತಿಕೊಳ್ಳುವುದು. ತಾಯಿ ತನ್ನ ಮಗುವಿಗೇ ಸಾಕುತಾಯಿ! ನಾಲ್ಕು ಮಕ್ಕಳಲ್ಲಿ ಅವಳಿಗಳು ಎಳವೆಯಲ್ಲೇ ತೀರಿಕೊಂಡವು. ಆಂಡ್ರಿಯಾಸ್, ಕಾರ್ಲ್ ಉಳಿದರು. ಇನ್ಸ್‌ಬ್ರುಕ್ ಬಳಿಯ ಅಂಬ್ರಾಸ್ ಕೋಟೆಯಲ್ಲಿ ಸಂಸಾರವೇನೋ ಚೆನ್ನಾಗಿಯೇ ನಡೆಯಿತು. ಆಕೆಯ ಅಡುಗೆ ಪುಸ್ತಕವೂ ಸ್ನಾನದ ತೊಟ್ಟಿಯೂ ಇಂದಿಗೂ ಉಳಿದಿವೆ. ಗುಟ್ಟಿನ ಕಟ್ಟು ಬಿಚ್ಚಿಕೊಳ್ಳಲು ಪೋಪರ ಅಪ್ಪಣೆ ಸಿಕ್ಕಿದ್ದು 1576ರಲ್ಲಿ. ನಾಲ್ಕು ವರ್ಷಗಳಲ್ಲಿ ಆಕೆ ತೀರಿಕೊಂಡಳು.

ಫರ್ಡಿನಾಂಡ್ 1582ರಲ್ಲಿ ಮತ್ತೆ ಮದುವೆಯಾದ, ಈ ಬಾರಿ ಸರಿಸಮಾನ ಕುಲದವಳನ್ನು. ಹುಟ್ಟಿದವರೆಲ್ಲ ಹೆಣ್ಣುಮಕ್ಕಳು. 1595ರಲ್ಲಿ ಅವನು ಸತ್ತಾಗ ಬೆಳೆದು ನಿಂತ ಇಬ್ಬರು ಗಂಡುಮಕ್ಕಳಿದ್ದರು. ಅವನು ಆಳುತ್ತಿದ್ದ ಟಿರೋಲ್ ನಾಡು ಮಾತ್ರ ದಾಯಾದಿಗಳ ಪಾಲಾಯಿತು.